ಗ್ಯಾಂಬೂಸಿಯಾ ಎಂಬ ಅಗ್ಗದ ಪರಿಹಾರ

ಮಳೆಗಾಲ ಹಿಡಿದು ಡೆಂಗಿ ಪ್ರಕರಣಗಳ ಸುದ್ದಿ ಬರತೊಡಗಿದೊಡನೆ ಊರಿನ ಕೆರೆಗೆ ಗ್ಯಾಂಬೂಸಿಯಾ ಮೀನು ಬಿಡಬೇಕೆಂಬ ಒತ್ತಾಯವೂ ಕೇಳಿಬರುತ್ತದೆ. ಕೆಲವೇ ದಿನಗಳಲ್ಲಿ ಗಣ್ಯರು ಕೆರೆಯ ಏರಿಯ ಮೇಲೆ ಸಾಲಾಗಿ ನಿಂತು, ಪ್ಲಾಸ್ಟಿಕ್ ಚೀಲದಲ್ಲಿ ತಂದ ಪುಟ್ಟ ಮೀನುಗಳನ್ನು ನೀರಿಗೆ ಸುರಿಯುವ ಛಾಯಾಚಿತ್ರವೂ ಪ್ರಕಟವಾಗುತ್ತದೆ. ಈ ವಿಧಿಯ ಹಿಂದಿರುವ ನಂಬಿಕೆ ಸರಳವಾದುದು: ಮೊಟ್ಟೆಯೊಡೆದು ಬಂದು ನೀರಿನಲ್ಲೇ ಬೆಳೆಯುವ ಸೊಳ್ಳೆಯ ಮರಿಹುಳುವನ್ನು, ಅಂದರೆ ಲಾರ್ವಾವನ್ನು, ಗ್ಯಾಂಬೂಸಿಯಾ ತಿನ್ನುತ್ತದೆ, ಹೀಗಾಗಿ ಅದನ್ನು ಕೆರೆಗೆ ಬಿಟ್ಟರೆ ಸೊಳ್ಳೆಯೂ ಇಳಿಯುತ್ತದೆ, ರೋಗವೂ ಇಳಿಯುತ್ತದೆ. ಇದರಲ್ಲಿ ಮೊದಲರ್ಧ ನಿಜ, ಉಳಿದರ್ಧಕ್ಕೆ ಆಧಾರವಿಲ್ಲ.

ಡೆಂಗಿಯನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಕೆರೆಯೇ ಬೇಕಾಗಿಲ್ಲ. ಮುಚ್ಚಳವಿಲ್ಲದ ಡ್ರಮ್ಮು, ಸಿಮೆಂಟ್ ತೊಟ್ಟಿ, ಹಳೆಯ ಟೈರು, ಎಸೆದ ಎಳನೀರಿನ ಬುರುಡೆ, ಹೂಕುಂಡದ ತಟ್ಟೆ ಮುಂತಾದ ಕಡೆ ಮನೆಯ ಸುತ್ತಮುತ್ತ ನಿಂತ ಅಲ್ಪ ನೀರೇ ಅದಕ್ಕೆ ಸಾಕು; ನೀರಿನ ಮಟ್ಟಕ್ಕಿಂತ ತುಸು ಮೇಲೆ ಒದ್ದೆಯಾಗಿರುವ ಪಾತ್ರೆಯ ಗೋಡೆಗೆ ಅದು ಅಂಟಿಸುವ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರೇರಿದಾಗ ಒಡೆಯುತ್ತವೆ. ಡೆಂಗಿಗೆ ಮದ್ದೆಂದು ಕೆರೆಗೆ ಮೀನು ಬಿಡುವುದೆಂದರೆ ಆ ಸೊಳ್ಳೆ ಹುಟ್ಟದ ಜಾಗಕ್ಕೆ ಸೊಳ್ಳೆ ತಿನ್ನುವ ಮೀನನ್ನು ಕಳುಹಿಸಿದಂತಾಯಿತು. ನಗರದ ಕೆರೆಗಳ ಸುತ್ತ ಸಂಜೆ ಮುತ್ತುವ ಸೊಳ್ಳೆಗಳಲ್ಲಿ ಬಹುಪಾಲು ಕ್ಯೂಲೆಕ್ಸ್ ಜಾತಿಯವು. ಅವು ಹೆಚ್ಚುವುದು ಚರಂಡಿಗಳಲ್ಲಿ ಮತ್ತು ಒಳಚರಂಡಿಯ ಕೊಳಕು ಬಂದು ಸೇರುವ ಮೂಲೆಗಳಲ್ಲಿ. ಜಲಕಳೆ ಹಬ್ಬಿದ ಕೆರೆಯಲ್ಲಿ ಹುಟ್ಟುವ ಮ್ಯಾನ್ಸೋನಿಯಾ ಸೊಳ್ಳೆಯ ಲಾರ್ವಾವಂತೂ ಇತರ ಲಾರ್ವಾಗಳಂತೆ ಉಸಿರಿಗಾಗಿ ನೀರಿನ ಮೇಲ್ಮೈಗೆ ಬರುವುದೇ ಇಲ್ಲ. ತನ್ನ ಉಸಿರುನಳಿಕೆಯನ್ನು ಗಿಡದ ಬೇರಿಗೇ ಚುಚ್ಚಿ, ಬೇರಿನೊಳಗಿನ ಗಾಳಿಯನ್ನು ಹೀರುತ್ತ ಅಲ್ಲೇ ಅಂಟಿಕೊಂಡಿರುತ್ತದೆ. ಮೇಲ್ಮೈಯಲ್ಲಿ ಬೇಟೆಯಾಡುವ ಮೀನಿಗೆ ಅದು ಸಿಗುವುದು ದುರ್ಲಭ.

ಒಂದು ಮೀನು ದಿನಕ್ಕೆ ನೂರಾರು ಲಾರ್ವಾಗಳನ್ನು ನುಂಗುತ್ತದೆ ಎಂಬ ಎಣಿಕೆ ಕರಪತ್ರದಿಂದ ಭಾಷಣಕ್ಕೂ ಭಾಷಣದಿಂದ ವರದಿಗೂ ದಾಟಿ ಬಂದು ಈಗ ಪ್ರಶ್ನಾತೀತವಾಗಿದೆ. ಗಾಜಿನ ತೊಟ್ಟಿಯಲ್ಲಿ ಹಸಿದ ಮೀನಿನ ಮುಂದೆ ಲಾರ್ವಾಗಳನ್ನಷ್ಟೇ ಇಟ್ಟು ನಡೆಸಿದ ಪರೀಕ್ಷೆಗಳಲ್ಲಿ ಇಂಥ ಸಂಖ್ಯೆಗಳು ಸಿಗುತ್ತವೆ. ಕೆರೆಯಲ್ಲಾದರೋ ಅದೇ ಮೀನಿನ ಮುಂದೆ ಪ್ರಾಣಿಪ್ಲವಕಗಳು (ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳು), ಕೀಟಗಳು, ಬೇರೆ ಮೀನುಗಳ ಮೊಟ್ಟೆಮರಿಗಳು, ಗೊದಮೊಟ್ಟೆಗಳು ಎಲ್ಲವೂ ಇರುತ್ತವೆ, ಮತ್ತು ಅದು ಯಾವುದನ್ನೂ ಬಿಡುವುದಿಲ್ಲ. ಪ್ರಾಣಿಪ್ಲವಕ ತಗ್ಗಿದರೆ ಅವು ಮೇಯುತ್ತಿದ್ದ ಪಾಚಿ ಬೆಳೆಯುತ್ತದೆ. ಗ್ಯಾಂಬೂಸಿಯಾ ಬಿಟ್ಟ ಪ್ರಾಯೋಗಿಕ ಕೊಳಗಳಲ್ಲಿ ಪ್ರಾಣಿಪ್ಲವಕ ಮತ್ತು ಕೀಟಗಳು ಇಳಿದು ಸೂಕ್ಷ್ಮ ಪಾಚಿ ಏರಿದುದನ್ನು ಹರ್ಲ್‌ಬರ್ಟ್ ಮತ್ತು ಸಂಗಡಿಗರು 1972ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ್ದರು. ಕೆರೆಯನ್ನು ಸ್ವಚ್ಛಗೊಳಿಸಲೆಂದು ಬಿಟ್ಟ ಮೀನು ನೀರನ್ನು ಹಸಿರಾಗಿಸಬಲ್ಲದು ಎಂಬ ಈ ಸಂಗತಿ ಅರ್ಧ ಶತಮಾನದಷ್ಟು ಹಳೆಯದಾದರೂ ಕರಪತ್ರಗಳಿಗೆ ಇನ್ನೂ ತಲುಪಿಲ್ಲ.

ಅಮೆರಿಕದ ದಕ್ಷಿಣ ಭಾಗ ಮತ್ತು ಮೆಕ್ಸಿಕೋದ ನೀರಿನಲ್ಲಿ ಹುಟ್ಟಿದ ಈ ಮೀನು ಇಟಲಿಯ ಮಾರ್ಗವಾಗಿ 1928ರಲ್ಲಿ ಭಾರತಕ್ಕೆ ಬಂತು. ಅದು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವುದರಿಂದ ಹರಿವ ನೀರಾಗಲಿ, ಮೊಟ್ಟೆ ಅಂಟಿಸುವ ಗಿಡವಾಗಲಿ ಬೇಕಿಲ್ಲ. ಒಳ್ಳೆಯ ಬಿಸಿಲಿನ ಕಾಲದಲ್ಲಿ ತಿಂಗಳಿಗೊಂದು ಸಲದಂತೆ ಒಂದೊಂದು ಹೆಣ್ಣೂ ಹತ್ತಾರು ಮರಿಗಳನ್ನು ಹಾಕಬಲ್ಲದು. ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ ತಜ್ಞರ ಗುಂಪು ಪಟ್ಟಿ ಮಾಡಿದ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳಲ್ಲಿ ಮೀನುಗಳು 8, ಗ್ಯಾಂಬೂಸಿಯಾ ಅವುಗಳಲ್ಲೊಂದು. ಆ ಎಂಟರ ಪೈಕಿ ಸಾಮಾನ್ಯ ಗೆಂಡೆಯೂ ಜಿಲೇಬಿ ಮೀನು ಎಂದು ಮಾರಾಟವಾಗುವ ಮೊಜಾಂಬಿಕ್ ತಿಲಾಪಿಯಾವೂ ಇವೆ ಎಂಬುದನ್ನು ಗಮನಿಸಿದರೆ, ನಮ್ಮ ಕೆರೆಗಳಿಗೆ ಮೀನು ಆರಿಸಿದವರ ವಿವೇಚನೆಯ ಬಗ್ಗೆ ಬೇರೆ ಟಿಪ್ಪಣಿ ಬೇಕಾಗುವುದಿಲ್ಲ. ತಿಲಾಪಿಯಾ 1952ರಲ್ಲಿ ದೇಶಕ್ಕೆ ಬಂತು. 1959ರಲ್ಲಿ ಅದರ ಬಿತ್ತನೆಗೆ ನಿಷೇಧ ಬಂತು. ಮೀನು ಮಾತ್ರ ನಿಷೇಧವನ್ನು ಓದದೆ ಹರಡಿತು.

ಹಾಗೆಂದು ಮೀನಿನಿಂದ ಸೊಳ್ಳೆ ನಿಯಂತ್ರಣವೇ ಸುಳ್ಳೆನ್ನಲಾಗದು. ಕರ್ನಾಟಕದ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಎಂಬ ಮೀನನ್ನು ಬಿಟ್ಟು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಲಾರ್ವಾಗಳನ್ನು ಹತೋಟಿಗೆ ತಂದ ಅಧ್ಯಯನಗಳಿವೆ. ಆದರೆ ನಾಲ್ಕು ಗೋಡೆಗಳ ನಡುವೆ ನಿಂತು ಹೊರಗಿನ ಹರಿವಿಗೆ ಸೇರದ ಬಾವಿ ಬೇರೆ, ನೂರಾರು ಜೀವಿಗಳು ಒಂದನ್ನೊಂದು ಅವಲಂಬಿಸಿ ಬದುಕುವ ಕೆರೆ ಬೇರೆ. ಜೀವಂತವಾದ ಕೆರೆಯಲ್ಲಿ ಈ ಕೆಲಸಕ್ಕೆ ಕರೆಯದೆಯೂ ಬರುವವರು ಇದ್ದಾರೆ: ಸಣ್ಣ ಪಕ್ಕೆ ಮೀನುಗಳು, ಕೊಡತಿ ಹುಳುವಿನ ಮರಿಗಳು, ನೀರು ತಿಗಣೆಗಳು, ಮತ್ತು ಮೇಲ್ಮುಖವಾದ ಬಾಯಿಯನ್ನು ನೀರಿನ ಪೊರೆಗೆ ಒತ್ತಿಕೊಂಡು, ತಲೆಯ ಮೇಲೊಂದು ಬೆಳ್ಳಿಚುಕ್ಕೆ ಮಿನುಗಿಸುತ್ತ ದಡದಂಚಿನಲ್ಲಿ ತೇಲುವ ಪ್ಯಾಂಚಾಕ್ಸ್ ಎಂಬ ದೇಸಿ ಮೀನು. ಗ್ಯಾಂಬೂಸಿಯಾವನ್ನು ಬಿಟ್ಟಲ್ಲಿ ಮೊದಲು ಇಕ್ಕಟ್ಟಿಗೆ ಸಿಲುಕುವವು ಇವೇ.

ಮೀನು ಬಿತ್ತನೆಯ ಇತರ ತಪ್ಪು ಕಲ್ಪನೆಗಳು ಇಷ್ಟು ವಿವರಕ್ಕೆ ಅರ್ಹವಲ್ಲ. ಹುಲ್ಲು ಗೆಂಡೆ ಕೆರೆಯ ಜೊಂಡನ್ನೆಲ್ಲ ತಿಂದು ಮುಗಿಸುತ್ತದೆಂಬುದು ಸುಳ್ಳು. ನೀರಿನೊಳಗಿನ ಮೆತ್ತನೆಯ ಹೈಡ್ರಿಲಾ ಅದಕ್ಕೆ ಇಷ್ಟ, ತೇಲುವ ನೀರುಹಯಸಿಂತ್ ಅಲ್ಲ. ಒಮ್ಮೆ ಬಿಟ್ಟ ಕಟ್ಲಾ, ರೋಹು, ಮೃಗಾಲ್‌ಗಳು ಕೆರೆಯಲ್ಲೇ ಮರಿ ಮಾಡಿಕೊಳ್ಳುತ್ತವೆ ಎಂಬುದೂ ಸುಳ್ಳು. ಪ್ರವಾಹದ ನದಿ ಸಿಗದೆ ನಿಂತ ನೀರಿನಲ್ಲಿ ಅವು ಮೊಟ್ಟೆ ಬಿಡದೆ ಇರುವುದರಿಂದಲೇ, 1957ರ ಜುಲೈ 10ರಂದು ಹೀರಾಲಾಲ್ ಚೌಧರಿಯವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆಗಳನ್ನು ಸಾಕಣೆಯಲ್ಲೇ ಮರಿ ಮಾಡಿಸಿದ್ದು ಇಂದಿಗೂ ಮೀನುಕೃಷಿಕರ ದಿನವಾಗಿ ಆಚರಣೆಯಲ್ಲಿದೆ. ಹೆಚ್ಚು ಮರಿ ಬಿಟ್ಟರೆ ಹೆಚ್ಚು ಮೀನೆಂಬ ಲೆಕ್ಕವೂ ಆಹಾರ ಮತ್ತು ಆಮ್ಲಜನಕ ಸಾಲದ ನೀರಿನಲ್ಲಿ ಕೂಡಿಬರುವುದಿಲ್ಲ.

ಜನ ಇಂಥದ್ದನ್ನು ಏಕೆ ನಂಬುತ್ತಾರೆಂಬುದು ಮೀನಿಗಿಂತ ದೊಡ್ಡ ಪ್ರಶ್ನೆ. ಚರಂಡಿ ಸರಿಪಡಿಸಲು ಹಣ ಬೇಕು, ಮನೆಯ ಡ್ರಮ್ಮನ್ನು ವಾರಕ್ಕೊಮ್ಮೆ ತಿಕ್ಕಿ ಒಣಗಿಸಲು ಬೇಸರ. ಹಾಗಿರುವಾಗ ಯಾರೂ ಕೈ ಒದ್ದೆ ಮಾಡಿಕೊಳ್ಳದೆ ಸಮಸ್ಯೆಯನ್ನು ನುಂಗಿಬಿಡುವ ಜೀವಿಯೊಂದಿದೆ ಎಂದರೆ ಅದನ್ನು ಸಂಶಯಿಸುವ ಮನಸ್ಸು ಬರುವುದಿಲ್ಲ, ಮಂತ್ರಿಸಿದ ತಾಯತದ ಜಾಗದಲ್ಲಿ ವೈಜ್ಞಾನಿಕ ಹೆಸರಿನ ಮೀನು ಬಂದಿರುವುದಷ್ಟೇ ವ್ಯತ್ಯಾಸ. ಸೊಳ್ಳೆ ಇಳಿದರೆ ಮೀನಿನ ಕೃಪೆ, ಏರಿದರೆ ಬಿಟ್ಟ ಮೀನು ಸಾಲದಾಯಿತು. ಎರಡರಲ್ಲೂ ಮುಂದಿನ ವರ್ಷಕ್ಕೆ ಇನ್ನಷ್ಟು ಮೀನು ಬೇಕು ಎಂಬುದೇ ತೀರ್ಮಾನ. ಬಿಟ್ಟದ್ದನ್ನು ಹಿಂದಕ್ಕೆ ಪಡೆಯುವ ದಾರಿಯನ್ನು ಯಾರೂ ಯೋಚಿಸಿರುವುದಿಲ್ಲ; ಆ ದಾರಿ ಸುಲಭವೂ ಅಲ್ಲ, ಏಕೆಂದರೆ ಬೆಳೆದ ಹೆಣ್ಣು ಗ್ಯಾಂಬೂಸಿಯಾವೇ ಐದಾರು ಸೆಂಟಿಮೀಟರ್ ದಾಟುವುದು ಅಪರೂಪ, ಮೀನುಗಾರನ ಬಲೆಯ ಕಣ್ಣಿಗೆ ಅದರ ಮರಿ ನಿಲ್ಲುವುದೇ ಇಲ್ಲ. ಕೆರೆಯ ನೀರನ್ನು ಪೂರ್ತಿ ಬರಿದುಮಾಡುವುದೊಂದೇ ಖಚಿತ ಉಪಾಯ. ಅದೂ ಒಂದು ಕೆರೆಗೆ ಮಾತ್ರ: ಮೇಲಿನ ಕೆರೆ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಸರಪಳಿಯಾಗಿ ಕಟ್ಟಿದ ಬಯಲುಸೀಮೆಯ ಕೆರೆಗಳಲ್ಲಿ, ಮೊದಲ ಮಳೆಗೆ ಕೋಡಿ ಹರಿದರೆ ಸಾಕು, ಮೀನು ಮುಂದಿನ ಕೆರೆಗೂ ಅಲ್ಲಿಂದ ಹಳ್ಳ ಹೊಳೆಗಳಿಗೂ ಇಳಿದಿರುತ್ತದೆ.