164 ಇನಿಂಗ್ಸ್ ಕಾಯುವವರು ಯಾರು?

4, 13, ಔಟಾಗದೆ 303, 26, 0, 23, 5.

ಇವು ನಮ್ಮ ಕರುಣ್ ನಾಯರ್ ಅವರ ಮೊದಲ ಏಳು ಟೆಸ್ಟ್ ಇನಿಂಗ್ಸ್. 2016ರ ನವೆಂಬರ್‌ನಲ್ಲಿ ಮೊಹಾಲಿಯಲ್ಲಿ ಶುರುವಾಗಿ 2017ರ ಮಾರ್ಚ್‌ನಲ್ಲಿ ಧರ್ಮಶಾಲೆಯಲ್ಲಿ ನಿಂತವು. ಒಟ್ಟು 374 ರನ್, ಸರಾಸರಿ 62.33. ಚೆನ್ನೈನ ಆ ತ್ರಿಶತಕವನ್ನು ಬದಿಗಿಟ್ಟರೆ ಉಳಿಯುವುದು ಆರು ಇನಿಂಗ್ಸ್‌ಗೆ 71 ರನ್, ಸರಾಸರಿ ಹನ್ನೆರಡೂ ಇಲ್ಲ. ಅದೇ ಹುಡುಗ, ಅದೇ ಬ್ಯಾಟು, ನಡುವೆ ನಾಲ್ಕೇ ತಿಂಗಳು. ಮುಂದಿನ ಟೆಸ್ಟ್ ಸಿಕ್ಕಿದ್ದು 2025ರ ಜೂನ್‌ನಲ್ಲಿ, ಲೀಡ್ಸ್‌ನಲ್ಲಿ. ಅಷ್ಟರಲ್ಲಿ ಎಂಟು ವರ್ಷ ದಾಟಿತ್ತು.

ಏಳು ಇನಿಂಗ್ಸ್ ನೋಡಿ ಒಬ್ಬ ಬ್ಯಾಟರ್ ಎಂಥವನೆಂದು ಹೇಳಬಹುದೇ? ಆಗದಿದ್ದರೆ ಎಷ್ಟು ನೋಡಬೇಕು? ಇದಕ್ಕೆ ಲೆಕ್ಕವಿದೆ. ಆ ಲೆಕ್ಕದ ಉತ್ತರ ಎಂಥ ಕ್ರಿಕೆಟ್ ಅಭಿಮಾನಿಯನ್ನೂ ಬೆಚ್ಚಿಬೀಳಿಸುತ್ತದೆ.

ಸರಾಸರಿ 50ರ ಬ್ಯಾಟರ್ ಒಬ್ಬನನ್ನು ತೆಗೆದುಕೊಳ್ಳೋಣ. ಅವನು ಪ್ರತಿ ರನ್ನಿಗೂ ಔಟಾಗುವ ಸಾಧ್ಯತೆ ಸುಮಾರು ಐವತ್ತರಲ್ಲಿ ಒಂದು ಎಂದಿಟ್ಟುಕೊಳ್ಳಿ. ಹಾಗಿದ್ದರೆ ಅವನ ಇನಿಂಗ್ಸ್‌ಗಳಲ್ಲಿ ಅರ್ಧದಷ್ಟು 35 ಮುಟ್ಟುವ ಮೊದಲೇ ಮುಗಿದಿರುತ್ತವೆ. ಐದಾರು ಸಲಕ್ಕೊಮ್ಮೆ ಅವನು ಹತ್ತರೊಳಗೇ ಪೆವಿಲಿಯನ್‌ಗೆ ಮರಳುತ್ತಾನೆ. ಇದು ಫಾರ್ಮ್ ಕಳೆದುಕೊಂಡವನ ಕಥೆಯಲ್ಲ, ಫಾರ್ಮ್‌ನಲ್ಲಿರುವ ಒಬ್ಬ ಶ್ರೇಷ್ಠ ಆಟಗಾರನ ದಿನನಿತ್ಯದ ಬಾಳು. ನಿಜವಾದ ಆಟದಲ್ಲಿ ಮೊದಲ ಇಪ್ಪತ್ತು ಎಸೆತಗಳ ಅಪಾಯ ಇನ್ನೂ ಹೆಚ್ಚಾದ್ದರಿಂದ ಏರಿಳಿತವೂ ಇದಕ್ಕಿಂತ ಹೆಚ್ಚೇ ಇರುತ್ತದೆ. 99.94ರ ಬ್ರಾಡ್ಮನ್ ಕೂಡ 80 ಇನಿಂಗ್ಸ್‌ಗಳಲ್ಲಿ ಏಳು ಸಲ ಸೊನ್ನೆ ಸುತ್ತಿದ್ದರು.

ಈಗ ಇಬ್ಬರು ಹುಡುಗರು. ಒಬ್ಬನ ನಿಜವಾದ ಸಾಮರ್ಥ್ಯ 50, ಇನ್ನೊಬ್ಬನದು 40. ಮೊದಲನೆಯವನು ಹದಿನೈದು ವರ್ಷ ತಂಡದ ಬೆನ್ನೆಲುಬಾಗಬಲ್ಲವನು, ಎರಡನೆಯವನು ತಂಡದ ಒಳಗೂ ಹೊರಗೂ ಓಡಾಡುತ್ತಿರುವವನು. ಇಬ್ಬರಿಗೂ ಹತ್ತು ಹತ್ತು ಇನಿಂಗ್ಸ್ ಕೊಟ್ಟರೆ, ಕೊನೆಗೆ 40ರವನೇ ಮುಂದಿರುವ ಸಾಧ್ಯತೆ ಹೆಚ್ಚುಕಡಿಮೆ ಮೂರರಲ್ಲಿ ಒಂದು! ಇಪ್ಪತ್ತಿಪ್ಪತ್ತು ಕೊಟ್ಟರೂ ನಾಲ್ಕರಲ್ಲಿ ಒಂದು. ಯಾರು ಮೇಲು ಎಂದು ಸಂಖ್ಯಾಶಾಸ್ತ್ರ ಒಪ್ಪುವಷ್ಟು ಭರವಸೆಯಿಂದ ಹೇಳಬೇಕಾದರೆ ಇಬ್ಬರೂ ತಲಾ ಸುಮಾರು 164 ಇನಿಂಗ್ಸ್ ಆಡಿರಬೇಕು.

164 ಎಂದರೆ ಎಷ್ಟು? ರಾಹುಲ್ ದ್ರಾವಿಡ್ ಲೆಕ್ಕದಲ್ಲಿ ನೋಡಿದರೆ ಸುಮಾರು 94 ಟೆಸ್ಟ್. ವರ್ಷಕ್ಕೆ ಹತ್ತು ಟೆಸ್ಟ್ ಆಡಿದರೂ ಒಂಬತ್ತು ವರ್ಷ ದಾಟುತ್ತದೆ. ಭಾರತ ಟೆಸ್ಟ್ ಆಡತೊಡಗಿದ್ದು 1932ರಲ್ಲಿ. 2025ರ ಇಂಗ್ಲೆಂಡ್ ಪ್ರವಾಸ ಮುಗಿಯುವ ಹೊತ್ತಿಗೆ ಭಾರತದ ಟೆಸ್ಟ್ ಟೋಪಿ ತೊಟ್ಟವರ ಸಂಖ್ಯೆ 320 ಮುಟ್ಟಿರಲಿಲ್ಲ. ಅವರಲ್ಲಿ ಕಪಿಲ್ ದೇವ್‌ರಂಥ ಆಲ್‌ರೌಂಡರನ್ನು ಬಿಟ್ಟು, 164 ಇನಿಂಗ್ಸ್ ಆಡಿದ ಬ್ಯಾಟರ್‌ಗಳು ಒಂಬತ್ತೇ ಮಂದಿ: ಸಚಿನ್, ದ್ರಾವಿಡ್, ಲಕ್ಷ್ಮಣ್, ಗಾವಸ್ಕರ್, ಕೊಹ್ಲಿ, ಗಂಗೂಲಿ, ವೆಂಗ್‌ಸರ್ಕಾರ್, ಸೆಹ್ವಾಗ್, ಪೂಜಾರ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 91 ಟೆಸ್ಟ್ ಆಡಿ 155ಕ್ಕೆ ನಿಂತರು, ಇನ್ನೂ ಒಂಬತ್ತು ಬಾಕಿ!

ಅಂದರೆ ಹುಡುಗನೊಬ್ಬನ ರನ್ನುಗಳನ್ನಷ್ಟೇ ನಂಬಿ ತೀರ್ಪು ಕೊಡುವುದಾದರೆ, ತೀರ್ಪು ಬರುವ ಹೊತ್ತಿಗೆ ಅವನು ನಿವೃತ್ತಿಯ ಹೊಸ್ತಿಲಲ್ಲಿರುತ್ತಾನೆ.

ಹಾಗಾದರೆ ಶಾಲೆಯ ಮೈದಾನದ ದೊಡ್ಡ ಅಂಕಿಗಳು? ಅವು ಕಣ್ಣು ಕೋರೈಸುತ್ತವೆ. 1899ರಲ್ಲಿ ಇಂಗ್ಲೆಂಡಿನ ಕ್ಲಿಫ್ಟನ್ ಕಾಲೇಜಿನಲ್ಲಿ ಎ.ಇ.ಜೆ. ಕಾಲಿನ್ಸ್ ಎಂಬ 13ರ ಬಾಲಕ ಔಟಾಗದೆ 628 ಹೊಡೆದ. ಅವನು ಪ್ರಥಮ ದರ್ಜೆ ಕ್ರಿಕೆಟ್ಟನ್ನು ಆಡಲೇ ಇಲ್ಲ, 1914ರಲ್ಲಿ ಮಹಾಯುದ್ಧದಲ್ಲಿ ತೀರಿಕೊಂಡ. ಆ ದಾಖಲೆ ಮುರಿಯಲು 116 ವರ್ಷ ಬೇಕಾಯಿತು: 2016ರ ಜನವರಿಯಲ್ಲಿ ಮುಂಬೈ ಬಳಿಯ ಕಲ್ಯಾಣದಲ್ಲಿ ಪ್ರಣವ್ ಧನವಾಡೆ ಔಟಾಗದೆ 1009. 1988ರ ಹ್ಯಾರಿಸ್ ಶೀಲ್ಡ್‌ನಲ್ಲಿ ಸಚಿನ್ ಮತ್ತು ವಿನೋದ್ ಕಾಂಬ್ಳಿ ಮುರಿಯದ 664 ರನ್ ಜೊತೆಯಾಟವಾಡಿದರು. ಸಚಿನ್ 326, ಕಾಂಬ್ಳಿ 349. ಹೆಚ್ಚು ಹೊಡೆದವನು ಕಾಂಬ್ಳಿ! ಟೆಸ್ಟ್‌ನಲ್ಲೂ ಕಾಂಬ್ಳಿಯ ಸರಾಸರಿಯೇ ಮೇಲು, 54.20ಕ್ಕೆ ಎದುರಾಗಿ 53.78. ಆದರೆ ಸಚಿನ್ ಆಡಿದ್ದು 329 ಇನಿಂಗ್ಸ್, ಕಾಂಬ್ಳಿ 21. ಅವರ ಕೊನೆಯ ಟೆಸ್ಟ್ ಮುಗಿದಾಗ ವಯಸ್ಸು ಕೇವಲ 23. ಆ 21 ಇನಿಂಗ್ಸ್‌ಗಳಲ್ಲಿ ಎರಡು ದ್ವಿಶತಕಗಳಿದ್ದವು, ಅವೂ ಒಂದರ ಬೆನ್ನಿಗೊಂದು.

ಶಾಲೆಯ ರನ್ನು ಮುಂದಿನದನ್ನು ಹೇಳದಿರಲು ಒಂದು ಸರಳ ಕಾರಣ ವೇಗ. ಗಂಟೆಗೆ 120 ಕಿ.ಮೀ. ವೇಗದ ಚೆಂಡು ಬೌಲರ್ ಕೈಬಿಟ್ಟು ಬ್ಯಾಟರ್ ಬಳಿಗೆ ಬರಲು ಸುಮಾರು 0.53 ಸೆಕೆಂಡ್. 140 ಕಿ.ಮೀ. ಆದರೆ 0.45. ನಡುವಿನ ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ಎಂಟು ಭಾಗ, ರೆಪ್ಪೆ ಮಿಟುಕಿಸುವಷ್ಟೂ ಅಲ್ಲ. ಪ್ರತಿಭೆಗಳು ಜರಡಿಯಾಗುವುದು ಇಷ್ಟು ಸಣ್ಣ ಕಿಂಡಿಯಲ್ಲಿ. ಪ್ರಥಮ ದರ್ಜೆಯಲ್ಲಿ 136 ಶತಕ, 41,112 ರನ್ ಗಳಿಸಿ, ಒಂದೇ ಇನಿಂಗ್ಸ್‌ನಲ್ಲಿ ಔಟಾಗದೆ 405 ಹೊಡೆದ ಗ್ರೇಮ್ ಹಿಕ್ 65 ಟೆಸ್ಟ್‌ಗಳಲ್ಲಿ ಉಳಿಸಿಕೊಂಡ ಸರಾಸರಿ 31.32. ಮಾರ್ಕ್ ರಾಮ್‌ಪ್ರಕಾಶ್ 114 ಶತಕಗಳ ಒಡೆಯ, ಟೆಸ್ಟ್‌ನಲ್ಲಿ ಎರಡೇ. ಇವರ ವಿಷಯದಲ್ಲಿ ಇನಿಂಗ್ಸ್‌ಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ, ಪರೀಕ್ಷೆಯೇ ಬೇರೆಯಾಗಿತ್ತು.

ಹತ್ತಿರದ ಉದಾಹರಣೆ ಬೇಕಿದ್ದರೆ 2018ರ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡವನ್ನು ನೋಡಿ. ನಾಯಕ ಪೃಥ್ವಿ ಶಾ, ಉಪನಾಯಕ ಶುಭಮನ್ ಗಿಲ್. ಶಾಲಾ ಪಂದ್ಯದಲ್ಲಿ 546 ಹೊಡೆದಿದ್ದ ಶಾ ಅದೇ ವರ್ಷ ಪದಾರ್ಪಣೆಯ ಟೆಸ್ಟ್‌ನಲ್ಲೇ 134 ಗಳಿಸಿದರು. 2020ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ 0 ಮತ್ತು 4. ಮುಂದಿನ ಮೆಲ್ಬರ್ನ್ ಟೆಸ್ಟ್‌ನಲ್ಲಿ ಅವರು ಹೊರಗೆ, ಗಿಲ್ ಒಳಗೆ. 2025ರಲ್ಲಿ ಗಿಲ್ ನಾಯಕರಾಗಿ ಇಂಗ್ಲೆಂಡಿನಲ್ಲಿ ಒಂದೇ ಸರಣಿಯಲ್ಲಿ 754 ರನ್ ಗಳಿಸಿದರು. ಶಾ ಅವರ ಟೆಸ್ಟ್‌ಗಳು ಐದಕ್ಕೇ ನಿಂತಿದ್ದವು.

ಆದ್ದರಿಂದಲೇ ನನಗೆ ರನ್ನಿಗಿಂತ ಹುಡುಗ ಔಟಾಗುವ ಬಗೆ ಹೆಚ್ಚು ಮುಖ್ಯ. ಹತ್ತು ಸಲ ಔಟಾದದ್ದು ಹತ್ತು ಬಗೆಯಲ್ಲೋ, ಒಂದೇ ಬಗೆಯಲ್ಲೋ? ಬೌಲರ್‌ಗಳು ಅವನನ್ನು ಓದಿಕೊಂಡು ಬಂದ ಎರಡನೇ ವರ್ಷ ಏನಾಯಿತು? ಇವನ್ನು ಅರಿಯಲು 164 ಇನಿಂಗ್ಸ್ ಬೇಡ, ಬಲ್ಲ ಕಣ್ಣು ಬೇಕು. 1969ರಲ್ಲಿ ಕಾನ್ಪುರದಲ್ಲಿ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿ ಬಂದ ವಿಶ್ವನಾಥ್‌ಗೆ ನಾಯಕ ಪಟೌಡಿ ಧೈರ್ಯ ತುಂಬಿದರು. ಎರಡನೇ ಇನಿಂಗ್ಸ್‌ನಲ್ಲಿ ಬಂದದ್ದು 137.

ಅಂಥ ನಂಬಿಕೆಯನ್ನು ತುತ್ತತುದಿಗೆ ಒಯ್ದದ್ದು ಶ್ರೀಲಂಕಾ. ಮರ್ವನ್ ಅಟ್ಟಪಟ್ಟು 1990ರಲ್ಲಿ ಚಂಡೀಗಢದಲ್ಲಿ ಮೊದಲ ಟೆಸ್ಟ್ ಆಡಿದರು: 0, 0. 1992ರಲ್ಲಿ ಎರಡನೆಯದು: 0, 1. 1994ರಲ್ಲಿ ಮೂರನೆಯದು: 0, 0. ಮೂರು ವರ್ಷಕ್ಕೂ ಹೆಚ್ಚು ಕಾಲ, ಆರು ಇನಿಂಗ್ಸ್, ಒಂದು ರನ್. 1997ರಲ್ಲಿ ಅವರನ್ನು ಮತ್ತೆ ಕರೆದರು. ಕೊನೆಗೆ 90 ಟೆಸ್ಟ್, 5502 ರನ್, ಆರು ದ್ವಿಶತಕ. 200 ಟೆಸ್ಟ್ ಆಡಿದ ಸಚಿನ್ ತೆಂಡೂಲ್ಕರ್ ಬಳಿ ಇರುವ ದ್ವಿಶತಕಗಳೂ ಆರೇ.