ಪರದೆಗೆ ಬರುವ ಆಜ್ಞೆಗಳು

ಬ್ಯಾಂಕಿನಲ್ಲಿ, ಗೋದಿಯ ಕಚೇರಿಗಳಲ್ಲಿ, ರೈಲ್ವೆ ಕಿಟಕಿಯ ಹಿಂದೆ ದಿನವಿಡೀ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ದುಡಿಯುವವರು ನಮ್ಮ ವಾಚಕರಲ್ಲಿ ಬಹಳ ಮಂದಿ. ಗಿರಾಕಿಯ ಹೆಸರಿನ ಎಡಬಲಗಳಲ್ಲಿ ಒಂದು ಚೌಕ ಕಂಸ, 7 ಎಂಬ ಅಂಕಿ, ಇಂಗ್ಲಿಷಿನ ಸಣ್ಣ ‘ಎಂ’ ಹೀಗೆ ಅರ್ಥವಿಲ್ಲದ ಗುರುತುಗಳು ಮೂಡಿದ್ದನ್ನು ಅವರಲ್ಲಿ ಕೆಲವರಾದರೂ ಕಂಡಿರಬೇಕು. ಯಂತ್ರ ಕೆಟ್ಟಿತೆಂದು ತಿಳಿಯುವುದು ಸಹಜ. ಆದರೆ ಅದು ಕಸವಲ್ಲ, ಓದಲೆಂದು ಬಂದದ್ದೂ ಅಲ್ಲ. ‘ಈ ಹೆಸರನ್ನು ಬಣ್ಣ ತಿರುಗಿಸಿ ತೋರಿಸು’ ಎಂದು ಪರದೆಗೆ ಕೊಟ್ಟ ಆಜ್ಞೆಯೊಂದು ಪಾಲನೆಯಾಗದೆ ಬಯಲಿಗೆ ಬಿದ್ದಿದೆ, ಅಷ್ಟೆ. ಇಂಥ ಆಜ್ಞೆಗಳನ್ನು ಪರದೆಯು ಎಷ್ಟರಮಟ್ಟಿಗೆ ಪಾಲಿಸಬೇಕೆಂಬುದು ತಜ್ಞರು ವಾದಿಸುವ ವಿಷಯ. ಬಿಸಿ ತಟ್ಟುವುದು ಮಾತ್ರ ಕೌಂಟರಿನಲ್ಲಿ ಕುಳಿತವನಿಗೆ. ಆದುದರಿಂದ ಅದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಈ ತೊಡಕು ಕಂಪ್ಯೂಟರಿಗಿಂತ ಹಳೆಯದು. 2013ರ ಜುಲೈಯಲ್ಲಿ ನಿಂತುಹೋದ ನಮ್ಮ ತಂತಿ ಸೇವೆಯನ್ನು ನೆನೆಯಿರಿ. ಟೆಲಿಪ್ರಿಂಟರಿನಲ್ಲಿ ಒಂದೇ ಸಂಕೇತ ಅಕ್ಷರಕ್ಕೂ ಸಲ್ಲುತ್ತಿತ್ತು, ಅಂಕಿಗೂ ಸಲ್ಲುತ್ತಿತ್ತು. ‘ಇನ್ನು ಮುಂದಿನವು ಅಂಕಿಗಳು’ ಎಂಬ ಸೂಚನೆ ಮೊದಲು ಹೋಗಬೇಕು. ದಾರಿಯಲ್ಲಿ ಆ ಒಂದು ಸೂಚನೆ ತಪ್ಪಿತೋ, ಊರಿಗೆ ಕಳಿಸಿದ 500 ರೂಪಾಯಿಯ ಸುದ್ದಿ ಅಲ್ಲಿ ‘ಟಿ, ಪಿ, ಪಿ’ ಎಂದು ಅಚ್ಚಾಗುತ್ತಿತ್ತು.

ಕಂಪ್ಯೂಟರು ಬಂದ ಮೇಲೆ ಸೂಚನೆಗಳು ಹೆಚ್ಚಿದವು. ಸೀಟು ಕಾದಿರಿಸುವ ಗಣಕ ಪದ್ಧತಿಯನ್ನು ರೈಲ್ವೆಯವರು 1985ರಲ್ಲಿ ದೆಹಲಿಯಲ್ಲಿ ಆರಂಭಿಸಿದರು. ಮುಂದೆ ಅದು ಮುಂಬಯಿಗೂ ಬಂತು. ಆಗ ಕಿಟಕಿಯ ಹಿಂದೆ ಇದ್ದದ್ದು ಪೂರ್ಣ ಕಂಪ್ಯೂಟರಲ್ಲ. ಒಂದು ಪರದೆ, ಒಂದು ಕೀಲಿಮಣೆ, ಎರಡೂ ಸೇರಿ ಟರ್ಮಿನಲ್. ಬುದ್ಧಿಯೆಲ್ಲ ದೂರದ ದೊಡ್ಡ ಯಂತ್ರದಲ್ಲಿ. ಆ ಯಂತ್ರ ಅಕ್ಷರಗಳನ್ನು ಕಳಿಸುತ್ತ, ನಡುನಡುವೆ 27ನೆಯ ಸಂಕೇತವನ್ನು ಸೇರಿಸುತ್ತದೆ. ಇದರ ಹೆಸರು ಎಸ್ಕೇಪ್. ಇದು ಬಂದರೆ ಮುಂದಿನದು ಬರಹವಲ್ಲ, ಆಜ್ಞೆ ಎಂದರ್ಥ. ಎಸ್ಕೇಪ್, ಚೌಕ ಕಂಸ, 2, ದೊಡ್ಡ ‘ಜೆ’ ಬಂದರೆ ಪರದೆಯನ್ನೆಲ್ಲ ಅಳಿಸಬೇಕು. ಪಾಸ್‌ಬುಕ್ ಬರೆಯುವ ಮುದ್ರಣಯಂತ್ರಗಳಿಗೂ ಇಂಥವೇ ಆಜ್ಞೆಗಳುಂಟು, ಅವುಗಳ ಭಾಷೆ ಬೇರೆ.

ಮೊದಮೊದಲು ಒಂದೊಂದು ಕಂಪೆನಿಯ ಟರ್ಮಿನಲಿಗೆ ಒಂದೊಂದು ಆಜ್ಞಾಭಾಷೆಯಿತ್ತು. ಯುರೋಪಿನ ಕಂಪ್ಯೂಟರ್ ತಯಾರಕರ ಸಂಘವು 1976ರಲ್ಲಿ ‘ಇಸಿಎಂಎ 48’ ಎಂಬ ಸಾಮಾನ್ಯ ನಿಯಮಾವಳಿಯನ್ನು ಹೊರತಂದಿತು. ಅಮೆರಿಕದ ನಿಯಮ 1979ರಲ್ಲಿ ಬಂತು. ನಡುವೆ, 1978ರಲ್ಲಿ, ಡಿಜಿಟಲ್ ಕಂಪೆನಿಯ ‘ವಿಟಿ 100’ ಮಾರುಕಟ್ಟೆಗೆ ಬಂದು ಎಲ್ಲರಿಗೂ ಮೇಲ್ಪಂಕ್ತಿಯಾಯಿತು. ಇಂದು ಆ ಯಂತ್ರಗಳು ಮೂಲೆ ಸೇರಿವೆ. ಸಾಧಾರಣ ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶವು ಅವುಗಳ ವೇಷ ಹಾಕಿ ಕುಳಿತಿರುತ್ತದೆ. ಇದೇ ಟರ್ಮಿನಲ್ ಎಮ್ಯುಲೇಟರ್. ಬಯಲಾಟ ಬಲ್ಲ ನಮ್ಮ ಜನಕ್ಕೆ ಹೆಚ್ಚು ಹೇಳಬೇಕಿಲ್ಲ: ಕಿರೀಟ ಕಟ್ಟಿ ರಂಗಕ್ಕೆ ಬಂದ ಮೇಲೆ ಭಾಗವತರ ಪದಕ್ಕೆ ಕುಣಿಯಲೇಬೇಕು. ದೊಡ್ಡ ಯಂತ್ರವು ‘ನೀನಾರು?’ ಎಂದು ಕೇಳುವ ಆಜ್ಞೆಯೂ ಇದೆ. ‘ನಾನು ವಿಟಿ 220’ ಎಂದು ಉತ್ತರಿಸಿ ಅದರ ಆಜ್ಞೆಗಳಲ್ಲಿ ಅರ್ಧವನ್ನೂ ಅರಿಯದ ಎಮ್ಯುಲೇಟರುಗಿಂತ, ‘ನಾನು ಬರಿಯ ವಿಟಿ 100’ ಎಂದು ಒಪ್ಪಿಕೊಳ್ಳುವುದು ನಮಗೆ ಮೇಲೆನಿಸುತ್ತದೆ.

ಎಲ್ಲ ಆಜ್ಞೆಗಳನ್ನೂ ಅರಿಯುವುದು ಕಷ್ಟ, ನಿಜ. ಆದರೆ ಅರಿಯದ ಆಜ್ಞೆ ಎಲ್ಲಿಗೆ ಮುಗಿಯಿತೆಂದು ತಿಳಿಯುವುದು ಕಷ್ಟವಲ್ಲ. ಕಂಸದಿಂದ ಮೊದಲಾಗುವ ಆಜ್ಞೆಗಳಲ್ಲಿ ಅಂಕಿಗಳೂ ಅರ್ಧವಿರಾಮದಂಥ ಚಿಹ್ನೆಗಳೂ ಎಷ್ಟೇ ಬರಲಿ, ಸಾಮಾನ್ಯವಾಗಿ ಒಂದು ರೋಮನ್ ಅಕ್ಷರ ಬಂದಲ್ಲಿಗೆ ಆಜ್ಞೆ ಮುಗಿಯಿತು. ಅಲ್ಲಿಯವರೆಗಿನದನ್ನು ನುಂಗಿ ಸುಮ್ಮನಿದ್ದರೆ ಯಾರಿಗೂ ತೊಂದರೆಯಿಲ್ಲ. ಅರ್ಧ ನುಂಗಿ ಅರ್ಧ ಉಗುಳುವ ಎಮ್ಯುಲೇಟರಿನಿಂದಲೇ ಆರಂಭದಲ್ಲಿ ಹೇಳಿದ ಕಂಸ, 7, ‘ಎಂ’ ಬರುವುದು.

ಇದಕ್ಕಿಂತ ಸೂಕ್ಷ್ಮವಾದದ್ದು ವಾಡಿಕೆಯ ಪ್ರಶ್ನೆ. ವಿಟಿ 100ರ ಸಾಲಿನಲ್ಲಿ ಸಾಧಾರಣವಾಗಿ 80 ಮನೆಗಳು. 80ನೆಯ ಅಕ್ಷರ ಬರೆದೊಡನೆ ಅದು ಕೆಳಸಾಲಿಗೆ ಹಾರುವುದಿಲ್ಲ. ಮುಂದಿನ ಅಕ್ಷರ ಬಂದಾಗಲೇ ಹಾರುತ್ತದೆ. ಹಳೆಯ ಕಾರ್ಯಕ್ರಮಗಳು ಇದನ್ನೇ ನಂಬಿ ನಮೂನೆಗಳನ್ನು ಹಾಕಿವೆ. ಅವಸರದ ಎಮ್ಯುಲೇಟರು ಕೂಡಲೇ ಹಾರಿದರೆ, ತುಂಬಿದ ಸಾಲಿನ ನಂತರ ಒಂದು ಖಾಲಿ ಸಾಲು ಬಿದ್ದು, ಠೇವಣಿಯ ಮೊತ್ತ ಬಡ್ಡಿಯ ಎದುರಿಗೆ ಬಂದು ಕೂರಬಹುದು. ಓದಿ ಹೇಳಿದ ಗುಮಾಸ್ತನ ತಲೆಗೆ ತಪ್ಪು. ಇಂಥಲ್ಲಿ ಕಾಗದದ ನಿಯಮದಷ್ಟೇ ಯಂತ್ರದ ನಿಜವಾದ ನಡತೆಗೂ ಬೆಲೆ ಕೊಡಬೇಕೆಂದು ನಮ್ಮ ಮತ.

ಇನ್ನು ನಮಗೇ ನೇರವಾಗಿ ಸಂಬಂಧಿಸಿದ ಸಂಗತಿ. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ‘ಇಸ್ಕೀ’ ಎಂಬ ಸಂಕೇತಾವಳಿಯನ್ನು ಮಾನ್ಯ ಮಾಡಿತು. ಕಾನ್ಪುರದ ಐಐಟಿಯಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನ ಇದನ್ನೇ ಆಧರಿಸಿತ್ತು. ಇದರ ಮೂಲಭಾವನೆ ಸೊಗಸಾದದ್ದು: ನಮ್ಮ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಮಕ್ಕಳು; ಆದುದರಿಂದ ‘ಕ’ ಎಂಬುದಕ್ಕೆ ಕನ್ನಡದಲ್ಲೂ ಮರಾಠಿಯಲ್ಲೂ ಬಂಗಾಳಿಯಲ್ಲೂ ಒಂದೇ ಸಂಖ್ಯೆ, 179. ಯಾವ ಲಿಪಿಯಲ್ಲಿ ಬರೆಯಬೇಕೆಂದು ತಿಳಿಸಲು 239ನೆಯ ಸಂಕೇತ, ಅದರ ಬೆನ್ನಿಗೆ ಒಂದು ಗುರುತು. ರೋಮನ್ ‘ಎಚ್’ ಬಂದರೆ ಕನ್ನಡ, ‘ಬಿ’ ಬಂದರೆ ದೇವನಾಗರಿ. ಹೆಸರು ಬೇರೆಯಾದರೂ ಕೆಲಸದಲ್ಲಿ ಇದು ಎಸ್ಕೇಪಿನ ತಮ್ಮನೇ.

ಈ ಸೂಚನೆಯನ್ನು ಕಡೆಗಣಿಸುವ ಪರದೆ, ದೇವನಾಗರಿಯನ್ನೇ ಮೂಲಲಿಪಿಯಾಗಿ ಇಟ್ಟುಕೊಂಡಿದ್ದರೆ, ನಮ್ಮ ಶೆಟ್ಟರ ಹೆಸರು ಮರಾಠಿ ಅಕ್ಷರದಲ್ಲಿ ಮೂಡುತ್ತದೆ. ಅಕ್ಷರ ಬೇರೆ, ಉಚ್ಚಾರ ಅದೇ; ಅಷ್ಟಕ್ಕೆ ಮುಂಬಯಿಯ ಕನ್ನಡಿಗ ಹೆದರಲಾರ. ಆದರೆ 239ನ್ನು ಮಾತ್ರ ನುಂಗಿ ಗುರುತನ್ನು ಬರಹವೆಂದು ತೋರಿಸಿದರೆ ಹೆಸರಿನ ಮುಂದೆ ಒಂದು ‘ಎಚ್’ ನಿಲ್ಲುತ್ತದೆ. ನಮ್ಮಲ್ಲಿ ಹೆಸರಿಗೆ ಇನಿಷಿಯಲ್ ಹಚ್ಚುವ ರೂಢಿ. ಈ ‘ಎಚ್’ ತಪ್ಪೆಂದು ಯಾರಿಗೂ ತೋರದು. ರೇಷನ್ ಕಾರ್ಡಿನಲ್ಲಿ ಒಬ್ಬ, ಪಾಸ್‌ಬುಕ್ಕಿನಲ್ಲಿ ಇನ್ನೊಬ್ಬ ಎಂದಾಗಿ, ಪ್ರಮಾಣಪತ್ರ ಮಾಡಿಸಲು ಅರ್ಧ ದಿನದ ಸಂಬಳ ಹೋದೀತು. ಈ ಸೂಚನೆಯ ಅಧಿಕಾರ ಸಾಲಿನ ಕೊನೆಗೆ ಮುಗಿಯುತ್ತದೆಂಬ ನಿಯಮವೂ ಇದೆ. ಅದನ್ನು ಮರೆತು ಮುಂದುವರಿಸಿದ ಪರದೆಯಲ್ಲಿ ಕೆಳಗಿನ ಮರಾಠಿ ವಿಳಾಸ ಕನ್ನಡ ಲಿಪಿ ತೊಟ್ಟು ನಿಂತು, ಟಪಾಲು ಹಂಚುವವನನ್ನು ಬೆಪ್ಪುಮಾಡುತ್ತದೆ.

ಈಗ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸಂಖ್ಯೆಗಳಿರುವುದರಿಂದ ಲಿಪಿ ಬದಲಿಸುವ ಆಜ್ಞೆ ಬೇಕಿಲ್ಲ. ಬದಲಿಗೆ ಮನೆಗಳ ಲೆಕ್ಕ ಬಿಗಡಾಯಿಸಿದೆ. ‘ಸ್ತ್ರೀ’ ಎಂಬ ಒಂದಕ್ಷರದಲ್ಲಿ ಆರು ಸಂಕೇತಗಳಿವೆ. ಪರದೆಯ ಮೇಲೆ ಅದಕ್ಕೆ ಎಷ್ಟು ಮನೆ? ಕಾರ್ಯಕ್ರಮ ನಾಲ್ಕೆಂದು ಎಣಿಸಿ, ಪರದೆ ಎರಡರಲ್ಲಿ ಬರೆದರೆ, ಮುಂದೆ ‘ಹನ್ನೆರಡನೆಯ ಮನೆಗೆ ಹೋಗಿ ಅಳಿಸು’ ಎಂಬ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದರೂ ಅಳಿಯುವುದು ಬೇರೊಂದು ಅಕ್ಷರ. ಹಳೆಯ ನಿಯಮಾವಳಿ ರೋಮನ್ ಅಕ್ಷರವನ್ನು ಕಣ್ಮುಂದಿಟ್ಟು ಮಾಡಿದ್ದು. ನಮ್ಮ ಒತ್ತಕ್ಷರದ ವಿಷಯದಲ್ಲಿ ಅದು ಮೌನ. ‘ಕರ್ಸರ್ ಈಗ ಎಲ್ಲಿದೆ?’ ಎಂದು ಕೇಳುವ ಆಜ್ಞೆಯೊಂದಿದೆ. ಅದಕ್ಕೆ ಪರದೆ ನಿಜ ನುಡಿದರೆ ಕಾರ್ಯಕ್ರಮ ತನ್ನ ಲೆಕ್ಕ ತಿದ್ದಿಕೊಳ್ಳಬಹುದು.

ಹಾಗೆಂದು ಹೇಳಿದ್ದನ್ನೆಲ್ಲ ಕೇಳುವುದೂ ಅಪಾಯ. ಕಿಟಕಿಯ ಶಿರೋನಾಮೆಯನ್ನು ಬದಲಿಸು ಎಂಬುದೊಂದು ಆಜ್ಞೆ. ಆ ಶಿರೋನಾಮೆಯನ್ನು ಹಿಂದಕ್ಕೆ ಓದಿ ಹೇಳು ಎಂಬುದು ಇನ್ನೊಂದು. ಉತ್ತರವು ಗುಮಾಸ್ತನೇ ಕೀಲಿ ಒತ್ತಿದಂತೆ ಯಂತ್ರಕ್ಕೆ ಹೋಗುತ್ತದೆ. ಕೇಡಿಗನೊಬ್ಬ ಕಡತದಲ್ಲಿ ಎರಡನ್ನೂ ಅಡಗಿಸಿಟ್ಟರೆ, ಕಡತವನ್ನು ತೆರೆದು ನೋಡಿದಷ್ಟಕ್ಕೇ ನೋಡಿದವನ ಹೆಸರಿನಲ್ಲಿ ಅವನು ಬರೆಯದ ಆದೇಶ ಹೊರಡಬಹುದು. 2003ರಲ್ಲಿ ಇದನ್ನು ಬಹಿರಂಗವಾಗಿ ತೋರಿಸಿಕೊಟ್ಟ ಮೇಲೆ ಅನೇಕ ಎಮ್ಯುಲೇಟರುಗಳು ಆ ಪ್ರಶ್ನೆಗೆ ಉತ್ತರಿಸುವುದನ್ನು ಬಿಟ್ಟಿವೆ. ಬಿಟ್ಟದ್ದು ಸರಿ.

ಕೆಲಸದ ಜಾಗದಲ್ಲಿ ಇಂಥ ಗುರುತು ಕಂಡವರು ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಎಮ್ಯುಲೇಟರಿನಲ್ಲಿ ಟರ್ಮಿನಲಿನ ಜಾತಿ ಏನೆಂದು ಬರೆದಿದೆ, ದೊಡ್ಡ ಯಂತ್ರ ಯಾವುದನ್ನು ನಿರೀಕ್ಷಿಸುತ್ತದೆ ಎಂದು ಕಂಪ್ಯೂಟರ್ ವಿಭಾಗದವರನ್ನು ಕೇಳಬೇಕು. ಬಹಳ ಸಲ ಎರಡೂ ಬೇರೆಬೇರೆ ಇರುತ್ತವೆ. ಅಳಿಸುವ ಕೀಲಿ ಒತ್ತಿದಾಗ ಅಕ್ಷರ ಅಳಿಯದೆ ಟೋಪಿಯಂಥ ಚಿಹ್ನೆ ಮೂಡುತ್ತಿದ್ದರೆ ರೋಗ ಇನ್ನೂ ಸಣ್ಣದು: ಆ ಕೀಲಿ 8ನ್ನು ಕಳಿಸಬೇಕೋ 127ನ್ನು ಕಳಿಸಬೇಕೋ ಎಂಬ ಒಂದು ಆಯ್ಕೆಯನ್ನು ಬದಲಿಸಿದರೆ ಸಾಕು.