‘ಲಟಕ್’ ಎನ್ನುವ ಪೆಡಲು

ಪೆಡಲು ತುಳಿದಾಗ ಪ್ರತಿ ಸುತ್ತಿಗೂ ‘ಲಟಕ್’ ಎಂಬ ಸದ್ದು. ಪಾದದ ಕೆಳಗೆ ಏನೋ ಜಾರಿದಂಥ ಅನುಭವ. ಹಾಲಿನ ಕ್ಯಾನು, ತರಕಾರಿ ಮೂಟೆ ಹೇರಿಕೊಂಡು ಹಳೆಯ ದೊಡ್ಡ ಸೈಕಲ್ ತುಳಿದವರಿಗೆ ಇದು ಪರಿಚಿತ. ಅನೇಕರು ಪೆಡಲನ್ನೇ ದೂರುತ್ತಾರೆ. ತಪ್ಪು ಹೆಚ್ಚಾಗಿ ಕಿರುಬೆರಳಿನಷ್ಟೂ ದಪ್ಪವಿಲ್ಲದ ಒಂದು ಉಕ್ಕಿನ ಬೆಣೆಯದು. ಅದೇ ಕಾಟರ್ ಪಿನ್.

1860ರ ದಶಕದಲ್ಲಿ ಪ್ಯಾರಿಸ್ಸಿನ ಮಿಷೋ ಕಾರ್ಖಾನೆಯ ಸೈಕಲ್ಲುಗಳಲ್ಲಿ ಪೆಡಲು ಮುಂದಿನ ಚಕ್ರಕ್ಕೇ ಇತ್ತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ‘ರೋವರ್’ ಸೈಕಲ್ಲು ತುಳಿತದ ಬಲವನ್ನು ಚೈನಿನ ಮೂಲಕ ಹಿಂದಿನ ಚಕ್ರಕ್ಕೆ ಒಯ್ದಿತು. ನಡುವಿನ ಆಕ್ಸಲ್‌ಗೆ ಪೆಡಲಿನ ತೋಳನ್ನು, ಅಂದರೆ ಕ್ರ್ಯಾಂಕನ್ನು, ಅಲುಗದಂತೆ ಕೂಡಿಸುವುದೇ ಮುಂದಿನ ಸಮಸ್ಯೆ. ಕೊಡಲಿಯ ಕಾವಿಗೆ ಬೆಣೆ ಬಡಿಯುವ ಉಪಾಯವೇ ಇಲ್ಲೂ ನೆರವಿಗೆ ಬಂತು. ಪಿನ್ನಿನ ಒಂದು ಮಗ್ಗುಲು ಓರೆಯಾಗಿ ಚಪ್ಪಟೆ. ಆಕ್ಸಲ್‌ನಲ್ಲೂ ಅದಕ್ಕೆ ಹೊಂದುವ ಚಪ್ಪಟೆ ಕಚ್ಚು. ಬಡಿದಷ್ಟೂ ಬಿಗಿ.

ಎಡಗಾಲಿನ ಬಲ ಚೈನನ್ನು ಮುಟ್ಟಲು ಎರಡೂ ಕಡೆಯ ಪಿನ್ನುಗಳನ್ನು ದಾಟಬೇಕು. ಬಲಗಾಲಿನದು ಹಾಗಲ್ಲ, ಚೈನ್ ವೀಲ್ ಬಲ ಕ್ರ್ಯಾಂಕಿಗೇ ಅಂಟಿಕೊಂಡಿರುತ್ತದೆ. ಯಾವ ಪಿನ್ ಸಡಿಲಾದರೂ ದೂರು ಮೊದಲು ಎಡಗಾಲಿಗೆ ಬರುವುದು ಇದರಿಂದಲೇ.

ಸದ್ದು ಕೇಳಿದೊಡನೆ ನಟ್ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ನಟ್ಟಿನ ಕೆಲಸ ಪಿನ್ನನ್ನು ಹಿಡಿದಿಡುವುದು, ಎಳೆಯುವುದಲ್ಲ. ಬಲವಂತ ಮಾಡಿದರೆ ಮರೆ ಸವೆದುಹೋದೀತು. ಪಿನ್ನನ್ನು ಸುತ್ತಿಗೆಯಿಂದ ಒಳಕ್ಕೆ ಕೂರಿಸಿ ಆಮೇಲೆ ನಟ್ ಹಾಕಬೇಕು. ಬಡಿಯುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿ ಆಸರೆ ಇರಲೇಬೇಕು. ಇಲ್ಲದಿದ್ದರೆ ಪೆಟ್ಟು ಬೀಳುವುದು ಒಳಗಿನ ಬೇರಿಂಗ್ ಗುಂಡುಗಳಿಗೆ. ಆಡಿಸಿಕೊಂಡೇ ತುಳಿದ ಪಿನ್ನಿನ ಚಪ್ಪಟೆ ಭಾಗದಲ್ಲಿ ತಗ್ಗು ಬಿದ್ದಿರುತ್ತದೆ. ಅದನ್ನು ಮತ್ತೆ ಬಡಿದು ಫಲವಿಲ್ಲ, ಹೊಸದೇ ಬೇಕು. ಅಳತೆಯಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ನಡೆಯದು. ಬ್ರಿಟಿಷ್ ಮಾದರಿಯದು 9.5 ಮಿ.ಮೀ. ಸರಿಯಾಗಿ ಕೂರದಿದ್ದರೆ ಅನುಭವಿ ರಿಪೇರಿಯವರು ಅರದಿಂದ ಓರೆಯನ್ನು ಕೊಂಚ ಉಜ್ಜಿ ಹೊಂದಿಸುತ್ತಾರೆ. ಎರಡು ಪಿನ್ನುಗಳ ನಟ್ಟು ವಿರುದ್ಧ ದಿಕ್ಕಿಗಿರಬೇಕು, ಇಲ್ಲವಾದರೆ ಎರಡು ಪೆಡಲುಗಳು ಒಂದೇ ನೇರದಲ್ಲಿ ನಿಲ್ಲುವುದಿಲ್ಲ.

ಕ್ರ್ಯಾಂಕನ್ನು ಆಕ್ಸಲ್‌ಗೆ ವೆಲ್ಡಿಂಗ್ ಮಾಡಿಸಿಬಿಡುವ ಆಸೆ ಹುಟ್ಟಬಹುದು. ಸದ್ದೇನೋ ನಿಂತೀತು, ಆದರೆ ಮುಂದೆ ಬೇರಿಂಗ್ ಬಿಚ್ಚಬೇಕಾದಾಗ ಗರಗಸವೇ ಗತಿ. ಪಿನ್ನಿನ ತೂತಿನ ಸುತ್ತ ಬಿರುಕು ಕಂಡರಂತೂ ಆ ಕ್ರ್ಯಾಂಕಿನ ಮೇಲೆ ಮೋಹ ಬೇಡ. ಹೊರೆಯೊಡನೆ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಅದು ಮುರಿದರೆ ಸವಾರ ಬೀಳುವುದು ನಡುರಸ್ತೆಗೆ.

1930ರ ದಶಕದಲ್ಲಿ ಫ್ರಾನ್ಸಿನ ‘ಸ್ಟ್ರಾಂಗ್‌ಲೈಟ್’ ಕಂಪನಿ ಪಿನ್ನಿಲ್ಲದ ಕ್ರ್ಯಾಂಕ್ ತಂದಿತು: ಚೌಕಾಕಾರದ ಆಕ್ಸಲ್ ತುದಿ, ಅದಕ್ಕೆ ಬೋಲ್ಟು. ಇಂದಿನ ಗೇರ್ ಸೈಕಲ್ಲುಗಳಲ್ಲೂ ಈ ಬಗೆ ಉಂಟು. ಹಗುರ, ಅಂದ, ಆದರೆ ಸಡಿಲಾದ ಮೇಲೂ ತುಳಿದರೆ ಮೆತ್ತನೆಯ ಅಲ್ಯೂಮಿನಿಯಂ ತೂತು ದುಂಡಗಾಗಿ ಇಡೀ ಕ್ರ್ಯಾಂಕೇ ಹೋಗುತ್ತದೆ. ಕಾಟರ್ ಪಿನ್ನಿನಲ್ಲಿ ಹೋಗುವುದು ಸಾಮಾನ್ಯವಾಗಿ ಪಿನ್ ಮಾತ್ರ. ಹೊಸದನ್ನು ಹಾಕಿಸಿ ಒಂದೆರಡು ದಿನ ತುಳಿದ ಮೇಲೆ ಇನ್ನೊಮ್ಮೆ ಬಡಿಸಿ ನಟ್ ಬಿಗಿಸುವುದನ್ನು ಮರೆಯಬಾರದು, ಅಷ್ಟೆ.